ಆರು ರೂಮಿನ ಕಾರು

ಮುನಿವೆಂಕಟಪ್ಪನವರು ತೀರಿಕೊಂಡು ಏಳು ತಿಂಗಳಾಗಿತ್ತು. ಯುಗಾದಿ ಕಳೆದ ಮರುವಾರ, ಬೆಳಿಗ್ಗೆ ತಿಂಡಿಗೆ ಕೂತಾಗ, ಅವರ ಮಗ ವಸಂತ್ ಎರಡನೆಯ ಕಾರಿನ ಮಾತೆತ್ತಿದ.

ಮನೆಯಲ್ಲಿ ಆಗಲೇ ಒಂದು ಬಿಳಿ ಕಾರಿತ್ತು. ಏಳು ಜನ ಕೂರುವಂಥದು, ಸಾಲ ತೀರಿದ್ದು. ಈಗ ಅವನು ಹೇಳಿದ ಕಾರು ಕೆಂಪು ಬಣ್ಣದ್ದು, ಜರ್ಮನಿಯದು. ಎರಡೇ ಬಾಗಿಲು, ಎರಡೇ ಸೀಟು. ಹದಿನಾಲ್ಕು ವರ್ಷ ಹಳೆಯದು. ಇಂದಿರಾನಗರದ ಒಬ್ಬ ಡಾಕ್ಟರು ಅದನ್ನು ಮಾರಲಿಕ್ಕಿಟ್ಟಿದ್ದರು.

"ಹೊಸದ್ರಲ್ಲಿ ಎಂಬತ್ತು ಲಕ್ಷ ಇದ್ದ ಗಾಡಿ ಅಮ್ಮಾ. ಇಪ್ಪತ್ಮೂರಕ್ಕೆ ಕೊಡ್ತಿದಾರೆ."

"ಇಬ್ರು ಕೂರೋ ಗಾಡಿಗೆ ಇಪ್ಪತ್ಮೂರು ಲಕ್ಷಾನಾ?" ದೋಸೆಯ ಕಾವಲಿಯ ಮುಂದೆ ನಿಂತಿದ್ದ ಹೆಂಡತಿ ಯಮುನಾ ಕೇಳಿದಳು. "ಅತ್ತೇನ ಎಲ್ಲಿ ಕೂರಿಸ್ತೀರ, ಡಿಕ್ಕೀಲಾ?"

"ಅದಕ್ಕೆ ಡಿಕ್ಕಿ ಮುಂದ್ಗಡೆ ಇರುತ್ತೆ. ಇಂಜಿನ್ ಹಿಂದೆ."

"ಚೆನ್ನಾಯ್ತು. ಈ ಮನೆಗೆ ಸರಿಯಾಗಿದೆ."

ವಸಂತನ ತಾಯಿ ರಾಮಲಕ್ಷ್ಮಮ್ಮ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಗಂಡನ ಫೋಟೋಗೆ ಹೂವಿಟ್ಟು ಬಂದು ಕೂತಿದ್ದರು. ಅವರು ಸೊಸೆಯ ಕಡೆ ನೋಡದೆ ಹೇಳಿದರು: "ತಗೊಳ್ಲಿ ಬಿಡು. ಮದ್ವೆಯಾಗಿ ಹದಿಮೂರು ವರ್ಷ ಆಯ್ತು, ತೊಟ್ಲು ಕಟ್ಟೋ ಯೋಗ ಅಂತೂ ಬರ್ಲಿಲ್ಲ. ಮನೇಲಿ ಏನಾದ್ರೂ ಒಂದು ಆಟದ ಸಾಮಾನಾದ್ರೂ ಇರ್ಲಿ."

ಯಮುನಾ ಸೌಟನ್ನು ಹಿಟ್ಟಿನ ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದಳು. ಕಾವಲಿಯ ಮೇಲಿದ್ದ ದೋಸೆ ಸೀದು ಕಪ್ಪಾಯಿತು. ವಸಂತ್ ಎದ್ದು ಒಲೆ ಆರಿಸಿದ.

ಕಾರನ್ನು ಶಿವಾಜಿನಗರದ ಮೆಕ್ಯಾನಿಕ್ ಫೈಸಲ್‌ಗೆ ತೋರಿಸಿದ್ದಾಯಿತು. ಫೈಸಲ್ ಅದರ ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು ನಿಜವನ್ನೇ ಹೇಳಿದ.

"ಗಾಡಿ ಒಳ್ಳೇದೇ ಅಣ್ಣಾ. ಆದ್ರೆ ಇದು ಹೊಸ ಅಳಿಯ ಇದ್ದಂಗೆ. ಬಂದಾಗೆಲ್ಲ ಉಪಚಾರ ಆಗ್ಬೇಕು. ಉಪಚಾರ ಕಮ್ಮಿ ಆಯ್ತಾ, ಮುನಿಸ್ಕೊಂಡು ರಸ್ತೆ ಮಧ್ಯ ಕೂತ್ಬಿಡುತ್ತೆ. ವರ್ಷಕ್ಕೆ ಮೂರ್ನಾಲ್ಕು ಲಕ್ಷ ಪಕ್ಕಕ್ಕೆ ಇಡೋಕಾಗುತ್ತಾ? ಆಗುತ್ತೆ ಅಂದ್ರೆ ತಗೊಳ್ಳಿ."

"ಆಗುತ್ತೆ ಗುರು."

ಬ್ಯಾಂಕಿನವರು ಹದಿನಾಲ್ಕು ವರ್ಷದ ಗಾಡಿಗೆ ಸಾಲವಿಲ್ಲ ಎಂದರು. ಖಾಸಗಿ ಫೈನಾನ್ಸಿನವನು ನೂರಕ್ಕೆ ಇಪ್ಪತ್ತೆರಡು ಬಡ್ಡಿ ಕೇಳಿದ. ವಸಂತನಿಗೆ ಇದ್ದದ್ದು ಒಂದು ನೀರಿನ ಟ್ಯಾಂಕರು. ಬೇಸಿಗೆಯಲ್ಲಿ ದುಡಿಮೆ, ಮಳೆ ಬಂದರೆ ಇಲ್ಲ. ಎರಡು ದಿನ ಯೋಚಿಸಿ ಅವನು ತಾಯಿಯ ಹತ್ತಿರ ಬಂದ.

"ಅಮ್ಮಾ, ಹಿಂದಿನ ರೂಮುಗಳನ್ನ ಲೀಸಿಗೆ ಹಾಕೋಣ."

ಹೊರಮಾವಿನ ಆ ಮನೆಯ ಹಿಂದೆ ಎಂಟು ರೂಮುಗಳಿದ್ದವು. ರಾಗಿ ಹೊಲ ಅಪಾರ್ಟ್‌ಮೆಂಟಿನವರಿಗೆ ಹೋದ ಮೇಲೆ ಬಂದ ಹಣದಲ್ಲಿ ಮುನಿವೆಂಕಟಪ್ಪನವರು ಕಟ್ಟಿಸಿದ್ದು. ಒಂದೊಂದಕ್ಕೂ ತಿಂಗಳಿಗೆ ಏಳು ಸಾವಿರ ಬಾಡಿಗೆ. ಬಾಡಿಗೆದಾರರೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಆ ಬಾಡಿಗೆಯಲ್ಲೇ ಮನೆಯ ದಿನಸಿ, ಹಾಲು, ಔಷಧಿ, ಕರೆಂಟು ನಡೆಯುತ್ತಿತ್ತು. ಲೀಸೆಂದರೆ ಬಾಡಿಗೆಯಿಲ್ಲ. ಒಂದೇ ಸಲಕ್ಕೆ ನಾಲ್ಕು ಲಕ್ಷ ಕೊಟ್ಟು ಇರುವುದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು.

"ಬಾಡಿಗೆ ಬಂದ್ರೆ ಅನ್ನ, ಲೀಸ್ ಬಂದ್ರೆ ಸಾಲ ಅಂತಿದ್ರು ನಿಮ್ಮಪ್ಪ," ಎಂದರು ರಾಮಲಕ್ಷ್ಮಮ್ಮ.

"ಬಡ್ಡಿ ಇಲ್ದೆ ಯಾವ ಬ್ಯಾಂಕ್ ಕೊಡುತ್ತೆ ಹೇಳಿ? ಆರು ರೂಮು, ಇಪ್ಪತ್ನಾಲ್ಕು ಲಕ್ಷ. ಒಬ್ರು ಬಿಟ್ರೆ ಇನ್ನೊಬ್ರು ಬರ್ತಾರೆ. ಅವ್ರದ್ದು ತಗೊಂಡು ಇವ್ರಿಗೆ ಕೊಡೋದು. ನಮ್ಮ ಕೈಯಿಂದ ಹೋಗೋದೇನು?"

ಮನೆ ರಾಮಲಕ್ಷ್ಮಮ್ಮನವರ ಹೆಸರಿನಲ್ಲಿತ್ತು. ಅವರು ಕನ್ನಡಕ ಹುಡುಕಿಸಿ, ಆರು ಕಾಗದಗಳಿಗೂ ಸಹಿ ಮಾಡಿದರು.

ನಾಲ್ಕನೆಯ ರೂಮಿನಲ್ಲಿ ಅಮೃತಪ್ಪ ಆರು ವರ್ಷದಿಂದ ಇದ್ದ. ಅವನದು ಸೆಂಟ್ರಿಂಗ್ ಕೆಲಸ, ಕಾಂಕ್ರೀಟು ಸುರಿಯುವ ಮೊದಲು ಹಲಗೆ ಕಟ್ಟುವುದು. ಹೆಂಡತಿ ಅಯ್ಯಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಿದ್ದಳು. ಮಗಳು ಶಾಂಭವಿ ಪಿಯುಸಿಯಲ್ಲಿ ಎಂಬತ್ತೊಂದು ಪರ್ಸೆಂಟ್ ತೆಗೆದಿದ್ದಳು. ನರ್ಸಿಂಗ್ ಓದಬೇಕೆಂಬುದು ಅವಳ ಆಸೆ. ಅದಕ್ಕೆಂದೇ ಹತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂಡಿಸಿದ್ದ ನಾಲ್ಕು ಲಕ್ಷವನ್ನು ಗಂಡ ಹೆಂಡತಿ ತಂದು ರಾಮಲಕ್ಷ್ಮಮ್ಮನವರ ಮುಂದಿಟ್ಟರು. ಐದು ತಿಂಗಳ ಬಾಡಿಗೆ ಉಳಿದರೆ ಪುಸ್ತಕ, ಬಟ್ಟೆಗೆ ಆಗುತ್ತದೆಂಬುದು ಅವರ ಎಣಿಕೆ.

"ಅಮ್ಮಾರ, ಇದು ಹುಡಗಿ ಓದಿಂದು ರೊಕ್ಕ," ಎಂದಳು ಅಯ್ಯಮ್ಮ. "ಸೆಪ್ಟೆಂಬರದಾಗ ಸೀಟಿಗಿ ಕಟ್ಟಬೇಕಾಗ್ತದ. ಆವಾಗ ಕೊಡ್ತೀರಿಲ್ರಿ? ಕಾಗದದಾಗ ಎರಡು ವರ್ಷ ಅಂತ ಬರದಾರಂತ ನಮ್ ಶಾಂಭವಿ ಓದಿ ಹೇಳಿದ್ಳು."

"ಅದು ಸುಮ್ನೆ ಎಲ್ರಿಗೂ ಹಂಗೇ ಬರೆಯೋದು," ಎಂದ ವಸಂತ್.

"ಕಾಗದ ಅತ್ಲಾಗಿರ್ಲಿ ಅಯ್ಯಮ್ಮ, ನಾನ್ ಹೇಳ್ತೀನಿ ಕೇಳು," ಎಂದರು ರಾಮಲಕ್ಷ್ಮಮ್ಮ. "ಒಂದ್ ತಿಂಗ್ಳು ಮುಂಚೆ ಹೇಳು, ಸಾಕು. ನನ್ ಕೈಯಾರೆ ಎಣಿಸಿ ಕೊಡ್ತೀನಿ. ಯಜಮಾನ್ರು ಇದ್ದಿದ್ರೂ ಇದೇ ಮಾತು."

ಅಯ್ಯಮ್ಮ ಗೋಡೆಯ ಮೇಲಿದ್ದ ಮುನಿವೆಂಕಟಪ್ಪನವರ ಫೋಟೋಗೆ ಕೈ ಮುಗಿದಳು. ಅಮೃತಪ್ಪನೂ ಮುಗಿದ. ಬಾಗಿಲಲ್ಲಿ ನಿಂತಿದ್ದ ಶಾಂಭವಿ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದಳು. "ನಡಿ, ಸಾಕು ಓದಿದ್ದು. ದೊಡ್ಡೋರು ಹೇಳ್ಯಾರ," ಎಂದು ತಂದೆ ಅವಳನ್ನು ಕರೆದುಕೊಂಡು ಹೋದ.

ಕೆಂಪು ಕಾರು ಬಂತು. ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆಯಾಯಿತು. ನೆರಳಿನ ಜಾಗ ಅದಕ್ಕೇ ಬೇಕೆಂದು ಬಿಳಿ ಕಾರು ರಸ್ತೆಗೆ ಹೋಯಿತು. ಗೇಟಿನ ಬಳಿಯ ಇಳಿಜಾರಿನಲ್ಲಿ ಹೊಸ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತಿತ್ತು. ಅಮೃತಪ್ಪ ತನ್ನ ಸೆಂಟ್ರಿಂಗ್ ಹಲಗೆ ಎರಡನ್ನು ತಂದು ಹಾಸಿದ. ಕಾರು ಸಲೀಸಾಗಿ ಹೊರಟಿತು. ಅಂದಿನಿಂದ ಅದು ಅವನ ಕೆಲಸವೇ ಆಯಿತು. ಕಾರು ತೆಗೆಯುವ ದಿನ ಕೆಲಸಕ್ಕೆ ಹೋಗುವ ಮೊದಲು ಹಲಗೆ ಹಾಕುವುದು, ಬಂದ ಮೇಲೆ ಹಾಕುವುದು. ಊಟದ ಮಧ್ಯೆ ಕೂಗು ಬಂದರೂ ಎದ್ದು ಬರುತ್ತಿದ್ದ.

"ಉಣ್ಣಾಕ ಕುಂತಾಗ ನಾನೂ ನಿಮ್ಮನ್ನ ಎಬ್ಬಿಸಿಲ್ಲ," ಎಂದು ಒಮ್ಮೆ ಅಯ್ಯಮ್ಮ ಗೊಣಗಿದಳು.

"ಸುಮ್ನಿರ. ನಮ್ ರೊಕ್ಕ ಅವರ ಕೈಯಾಗದ," ಎಂದ ಅಮೃತಪ್ಪ.

ಮೇ ತಿಂಗಳಲ್ಲಿ ಇನ್ಶೂರೆನ್ಸ್ ಕಟ್ಟಿದ್ದಾಯಿತು. ಜೂನ್‌ನಲ್ಲಿ ಹಿಂದಿನ ಎರಡು ಟೈರಿಗೆ ಒಂದು ಲಕ್ಷ ಹತ್ತು ಸಾವಿರ ಹೋಯಿತು. ಮಳೆ ಹಿಡಿದು ಟ್ಯಾಂಕರು ನಿಂತಿತು. ಎಂಟು ರೂಮಿನ ಬಾಡಿಗೆ ಬರುತ್ತಿದ್ದ ಮನೆಗೆ ಈಗ ಎರಡರದು ಮಾತ್ರ ಬರುತ್ತಿತ್ತು. ಎರಡು ಲೀಟರ್ ಹಾಲು ಒಂದಾಯಿತು. ಕೆಲಸದವಳನ್ನು ಬಿಡಿಸಿದರು. ಪಾತ್ರೆ, ಬಟ್ಟೆ, ನೆಲ ಎಲ್ಲ ಯಮುನಾಳ ಪಾಲಿಗೆ ಬಂತು. ದೇವರ ದೀಪದ ಎಣ್ಣೆ ಮಾತ್ರ ಕಡಿಮೆಯಾಗಲಿಲ್ಲ.

ಒಂದು ಮಧ್ಯಾಹ್ನ ರಾಮಲಕ್ಷ್ಮಮ್ಮ ತಟ್ಟೆಯಲ್ಲಿ ಬೆರಳಾಡಿಸಿ ಕೇಳಿದರು: "ಇದೇನು ಸಾರೋ, ಕೈ ತೊಳೆದ ನೀರೋ?"

"ಬೇಳೆ ಮುಗ್ದು ನಾಲ್ಕು ದಿನ ಆಯ್ತು ಅತ್ತೆ. ಹಳೇ ಟೈರ್ ಎರಡು ಇವೆ, ನಾಳೆ ಅದನ್ನ ಹಾಕಿ ಕುದಿಸ್ತೀನಿ."

"ನಾಲಿಗೆ ನೋಡು. ಹೊಟ್ಟೇಲಿ ಏನೂ ಹುಟ್ಟದಿದ್ರೂ ಬಾಯಲ್ಲಿ ದಿನಾ ಹುಟ್ತಾವೆ."

"ಊಟ ಮಾಡೋಕೆ ಬಿಡ್ತೀರ ಇಬ್ರೂ?" ಎಂದು ವಸಂತ್ ಕೂಗಿದ.

"ಮಾರಿ ಅದನ್ನ," ಎಂದಳು ಯಮುನಾ. "ಮೂರು ತಿಂಗಳಲ್ಲಿ ಎಷ್ಟು ಸಲ ಓಡಿಸಿದೀರ? ಹನ್ನೊಂದು ಸಲ. ನಾನು ಎಷ್ಟು ಸಲ ಕೂತಿದೀನಿ? ಒಂದು ಸಲ. ಅವತ್ತೂ ಹಲಸೂರಿನ ಟ್ರಾಫಿಕ್‌ನಲ್ಲಿ ಬಿಸಿಯಾಗಿ ನಿಂತ್ಕೊಂಡ್ತು."

"ಕೇಳ್ದೆ. ಹನ್ನೆರಡು ಲಕ್ಷ ಅಂತಾರೆ. ಬೀದಿಗೆ ಎಸೆಯೋ ರೇಟು ಅದು. ಮಾರಲ್ಲ."

ಆಗಸ್ಟ್ ಒಂದನೆಯ ತಾರೀಖು ಅಮೃತಪ್ಪ ಬಂದು ಬಾಗಿಲಲ್ಲಿ ನಿಂತ. ಪೂರಾ ದುಡ್ಡು ಕೇಳಲಿಲ್ಲ. "ಒಂದೂವರೆ ಲಕ್ಷ ಕೊಡ್ರಿ ಸಾಕು ಅಣ್ಣಾರ. ಮೊದಲಿಂದು ಕಂತು. ಬಾಕಿದು ನಿಮ್ಮತ್ರಾನೆ ಇರಲಿ. ಮುಂದಿನ ತಿಂಗಳ ಮೊದಲ ಶುಕ್ರವಾರ ಕಡೀ ದಿನ ಅದ."

"ಲೀಸ್ ದುಡ್ಡು ಹಂಗೆ ಚಿಲ್ರೆ ಚಿಲ್ರೆ ಕೊಡೋಕಾಗಲ್ಲ ಅಮೃತಪ್ಪ. ರೂಮ್ ಬಿಟ್ರೆ ಪೂರ್ತಿ. ಇಲ್ಲಾಂದ್ರೆ ಇಲ್ಲ. ನಿಮಗೆ ಅರ್ಜೆಂಟ್ ಅಂದ್ರೆ ಬೇರೆ ಪಾರ್ಟಿ ಕರ್ಕೊಂಡ್ ಬನ್ನಿ. ಅವ್ರು ಕೊಟ್ಟಿದ್ದು ಹಂಗೇ ನಿಮ್ ಕೈಗೆ."

"ಅಮ್ಮಾರು ಮಾತು ಕೊಟ್ಟಿದ್ರಲ್ರಿ."

ರಾಮಲಕ್ಷ್ಮಮ್ಮ ಜಪಮಣಿ ಎಣಿಸುತ್ತ ಒಳಗೆ ಕೂತಿದ್ದರು. "ಅವ್ನೇನು ಇಲ್ಲ ಅಂದ್ನಾ? ಪಾರ್ಟಿ ಕರ್ಕೊಂಡ್ ಬನ್ನಿ ಅಂದ. ಒಂದ್ ಹೆಜ್ಜೆ ನೀವೂ ಇಡ್ಬೇಕಪ್ಪ," ಎಂದರು.

ಅಮೃತಪ್ಪ ಎರಡು ವಾರ ಕೂಲಿ ಬಿಟ್ಟು ಓಡಾಡಿದ. ಶಿಕ್ಷಣದ ಸಾಲಕ್ಕೆಂದು ಬ್ಯಾಂಕಿಗೂ ಹೋದ. ಸೀಟು ಖಾತ್ರಿಯಾದ ಕಾಗದ ತನ್ನಿ, ಆಮೇಲೆ ಮಾತಾಡೋಣ ಎಂದರು. ಕಡೆಗೆ ತನ್ನ ತಾಲ್ಲೂಕಿನವನೇ ಆದ ಗಾರೆ ಮೇಸ್ತ್ರಿ ಸಾಯಬಣ್ಣನನ್ನು ಒಪ್ಪಿಸಿ ಕರೆತಂದ. ಸಾಯಬಣ್ಣ ಟಿನ್ ಫ್ಯಾಕ್ಟರಿಯ ಹಿಂದೆ ತಗಡಿನ ಶೆಡ್ಡಿನಲ್ಲಿದ್ದವನು. ಹೆಂಡತಿ ಜಟ್ಟೆಮ್ಮ ಬಸುರಿ. ಮಗು ಗೋಡೆಯಿರುವ ಮನೆಯಲ್ಲಿ ಹುಟ್ಟಲಿ ಎಂದು ನಾಲ್ಕು ಲಕ್ಷ ಹೊಂದಿಸಿದ್ದ.

ಶುಕ್ರವಾರ ಸಾಯಬಣ್ಣ ಹಣ ಕೊಟ್ಟ. "ಬ್ಯಾಂಕಿಗೆ ಹಾಕಿ ಸೋಮವಾರ ನಿಮಗೆ ಟ್ರಾನ್ಸ್‌ಫರ್ ಮಾಡ್ತೀನಿ," ಎಂದು ವಸಂತ್ ಅಮೃತಪ್ಪನ ಬೆನ್ನು ತಟ್ಟಿದ. ಆ ಖುಷಿಯಲ್ಲಿ ಶನಿವಾರ ಬೆಳಿಗ್ಗೆ ಕೆಂಪು ಕಾರನ್ನು ಹೊರಗೆ ತೆಗೆದ. ಕೆ.ಆರ್. ಪುರದ ಸೇತುವೆ ಇಳಿಯುತ್ತಿದ್ದಂತೆ ಕಾರು ಒಮ್ಮೆ ಕಟಕಟ ಎಂದು ನಿಂತುಬಿಟ್ಟಿತು. ಹಿಂದಿನ ಬಸ್ಸಿನವರು ಇಳಿದು ಬೈದರು. ಲಾರಿಯ ಮೇಲೆ ಹೊರಿಸಿ ಶಿವಾಜಿನಗರಕ್ಕೆ ಒಯ್ದದ್ದಾಯಿತು.

"ಗೇರ್‌ಬಾಕ್ಸ್ ಹೋಗಿದೆ ಅಣ್ಣಾ," ಎಂದ ಫೈಸಲ್. "ಸಾಮಾನು ಹೊರದೇಶದಿಂದ ಬರ್ಬೇಕು. ಮೂರು ಲಕ್ಷ ಎಪ್ಪತ್ತು ಸಾವಿರ ಆಗುತ್ತೆ. ಅರ್ಜೆಂಟ್ ಇಲ್ಲ ಅಂದ್ರೆ ಹಿಂಗೇ ನಿಲ್ಸಿ. ನಂಗೇನೂ ತೊಂದ್ರೆ ಇಲ್ಲ."

"ನಿಲ್ಸಿದ್ರೆ?"

"ನಿಂತ ಗಾಡಿಗೆ ಹನ್ನೆರಡೂ ಸಿಗಲ್ಲ. ಮೂರು ಕೊಟ್ರೆ ಜಾಸ್ತಿ."

ವಸಂತ್ ಅಲ್ಲೇ ನಿಂತು, ಹಿಂದಿನ ದಿನ ಬ್ಯಾಂಕಿಗೆ ಹಾಕಿದ್ದ ಸಾಯಬಣ್ಣನ ಹಣದಿಂದ ಅಷ್ಟನ್ನೂ ಮೊಬೈಲ್‌ನಲ್ಲಿ ಕಳಿಸಿದ.

ಭಾನುವಾರ ಸಾಯಬಣ್ಣ ಸಾಮಾನು ಸಮೇತ ಬಂದ. ಸೋಮವಾರ ಬಂತು, ಮಂಗಳವಾರ ಬಂತು, ಅಮೃತಪ್ಪನ ಹಣ ಬರಲಿಲ್ಲ. ಹಣ ಬಾರದೆ ರೂಮು ಬಿಡಲು ಅವನಿಗೆ ಧೈರ್ಯವಿಲ್ಲ. ಹಣ ಕೊಟ್ಟ ಸಾಯಬಣ್ಣನಿಗೆ ಬೇರೆ ಜಾಗವಿಲ್ಲ. ಹತ್ತಡಿ ಹನ್ನೆರಡಡಿಯ ರೂಮಿನಲ್ಲಿ ಎರಡು ಸಂಸಾರ, ಎರಡು ಒಲೆ, ನಡುವೆ ಒಂದು ಸೀರೆಯ ಪರದೆ. ಅಮೃತಪ್ಪ ಮತ್ತು ಸಾಯಬಣ್ಣ ಹೊರಗೆ ಮೆಟ್ಟಿಲ ಕೆಳಗೆ ಮಲಗತೊಡಗಿದರು. ಮೊದಲ ಮೂರು ದಿನ ಇಬ್ಬರೂ ಸೇರಿ ವಸಂತನನ್ನು ಬೈದರು. ನಾಲ್ಕನೆಯ ದಿನ ಒಬ್ಬರನ್ನೊಬ್ಬರು ಬೈದರು.

"ನೀ ಕರಕೊಂಡ್ ಬಂದಿ, ನಾ ಬಂದೀನಿ. ಮನಿ ಮಾಲಕ ಬಂಗಾರದಂಥಾವ ಅಂದಿದ್ದಿ."

"ಅಂದಿದ್ದೆ ತಮ್ಮಾ. ಈಗ ಏನ್ ಮಾಡಲಿ?"

"ಏನ್ ಮಾಡ್ತಿ? ಹೊರಗ ನಡಿ. ನನ್ ಹೆಂಡ್ತಿ ಕಾಲು ಚಾಚಾಕ ಜಾಗ ಇಲ್ಲ."

ಅಯ್ಯಮ್ಮ ಪರದೆಯ ಆಚೆಯಿಂದ ಕೂಗಿದಳು: "ನಾಲ್ಕು ಲಕ್ಷ ಎಣಿಸಿ ಕೊಡು, ಈಗಿಂದೀಗ ಹೋಗ್ತೀವಿ."

"ನಾ ಯಾಕ ಕೊಡಲಿ? ಒಮ್ಮಿ ಕೊಟ್ಟಾಗ್ಯಾದ!"

ಮೇಲಿನ ಕಿಟಕಿಯಿಂದ ರಾಮಲಕ್ಷ್ಮಮ್ಮ ನೋಡಿದರು. "ಥೂ, ಈ ಜನಕ್ಕೆ ಮೂರು ಹೊತ್ತೂ ಜಗಳ. ಯಜಮಾನ್ರು ಇದ್ದಾಗ ಒಂದ್ ಸದ್ದು ಇರ್ಲಿಲ್ಲ," ಎಂದು ಕಿಟಕಿ ಹಾಕಿಕೊಂಡರು.

ಕಾಲೇಜಿಗೆ ಕಂತು ಕಟ್ಟುವ ಕಡೆಯ ದಿನವಾದ ಶುಕ್ರವಾರಕ್ಕೆ ಇನ್ನು ಎರಡು ದಿನವಿತ್ತು. ಅದರ ಮರುದಿನ ಬಿಟ್ಟು ಭಾನುವಾರ ಮುನಿವೆಂಕಟಪ್ಪನವರ ವರ್ಷದ ತಿಥಿ. ಅದಕ್ಕೆಂದು ರಾಮಲಕ್ಷ್ಮಮ್ಮ ಎರಡು ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿದ್ದರು. ಐನೂರು ಜನಕ್ಕೆ ಊಟ, ಶಾಮಿಯಾನ, ಭಜನೆಯವರು, ನೆಂಟರಿಗೆಲ್ಲ ಸ್ಟೀಲಿನ ಡಬ್ಬಿ. ಅಡಿಗೆಯವರಿಗೆ ಮುಂಗಡ ಕೊಡಲು ಹೊರಟ ಅತ್ತೆಯನ್ನು ಯಮುನಾ ತಡೆದಳು.

"ಅತ್ತೆ, ಆ ದುಡ್ಡಲ್ಲಿ ಒಂದೂವರೆ ಆ ಹುಡುಗಿಗೆ ಕೊಟ್ಬಿಡಿ. ತಿಥೀನ ಮನೆಮಟ್ಟಿಗೆ ಮಾಡೋಣ. ಎಡೆ ಇಟ್ಟು, ನಾವು ನಾವೇ ಊಟ ಮಾಡೋಣ."

"ಸತ್ತೋರ ದುಡ್ಡು ಅದು. ಅದಕ್ಕೆ ಕೈ ಹಾಕ್ತೀಯಾ?"

"ಮಾತು ಕೊಟ್ಟಿದ್ದು ನೀವು. ಮಾವನ ಫೋಟೋ ಮುಂದೆ ನಿಂತು ಕೊಟ್ರಿ. ನಾನು ಕೇಳಿಸ್ಕೊಂಡಿದೀನಿ."

"ಮಾತು ಕೊಟ್ಟಿದ್ದು ನಿನ್ ಗಂಡನ ಸಲುವಾಗಿ. ಅವ್ನನ್ನ ಕೇಳು." ರಾಮಲಕ್ಷ್ಮಮ್ಮನವರ ಕಣ್ಣಲ್ಲಿ ನೀರು ಬಂತು. "ನಲವತ್ತೆರಡು ವರ್ಷ ಬಾಳಿದೀನಿ ಅವ್ರ ಜೊತೆ. ವರ್ಷದ ದಿನ ಊರೋರು ಬಂದು ಬರೀ ಬಾಳೆಎಲೆ ನೋಡ್ಕೊಂಡು ಹೋಗ್ಬೇಕಾ? ಅವ್ರ ಆತ್ಮ ಹಸ್ಕೊಂಡು ಅಲೀಬೇಕಾ? ನಿನಗೇನು ಗೊತ್ತು. ನಿನ್ ತಿಥಿ ಮಾಡೋಕೆ ಯಾರವ್ರೆ?"

ಯಮುನಾ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅಯ್ಯಮ್ಮ ಬಂದು ನಡುಮನೆಯ ನೆಲದ ಮೇಲೆ ಕೂತಳು. ಕೆಲಸಕ್ಕೆ ಹೋಗಿರಲಿಲ್ಲ. ಪಕ್ಕದಲ್ಲಿ ಶಾಂಭವಿ, ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಫೈಲು. ಇಬ್ಬರೂ ಬಸ್ಸಿಗೆ ಹೊರಡುವವರಂತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು.

"ನಾಲ್ಕು ಗಂಟೆ ತನಕ ತಗೋತಾರಂತ್ರಿ ಅಮ್ಮಾರ. ಐವತ್ತು ಸಾವಿರ ಆದ್ರೂ ಕೊಡ್ರಿ. ಕಾಲಿಗಿ ಬಿದ್ದು ಉಳಿದಿದ್ದಕ್ಕ ಟೈಮ್ ಕೇಳ್ತೀವಿ."

ವಸಂತ್ ಸ್ನಾನದ ಮನೆಯಿಂದ ಹೊರಗೆ ಬರಲಿಲ್ಲ. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ರಾಮಲಕ್ಷ್ಮಮ್ಮ ತಿಥಿಗೆ ತಂದ ವೀಳ್ಯದೆಲೆಗಳನ್ನು ಆರಿಸುತ್ತಿದ್ದರು.

"ಈ ವರ್ಷ ಇಲ್ದಿದ್ರೆ ಬರೋ ವರ್ಷ ಅಯ್ಯಮ್ಮ. ವಯಸ್ಸೇನು ಓಡಿ ಹೋಗುತ್ತಾ? ಭಾನ್ವಾರ ಕೆಲಸ ಬೇಕಾದಷ್ಟೈತೆ, ನೀವಿಬ್ರೂ ಬಂದ್ಬಿಡಿ. ಈರುಳ್ಳೀನೇ ಮೂವತ್ತು ಕೆ.ಜಿ. ಐತೆ ಹೆಚ್ಚೋಕೆ."

ಹನ್ನೊಂದಾಯಿತು. ಒಂದಾಯಿತು. ಯಮುನಾ ಒಳಗಿನಿಂದ ತನ್ನ ಓಲೆ ಬಿಚ್ಚಿ ತಂದು ಅಯ್ಯಮ್ಮನ ಕೈಗಿಟ್ಟಳು. ಅಯ್ಯಮ್ಮ ಅದನ್ನು ಹಿಡಿದು ಕಮ್ಮನಹಳ್ಳಿಯ ಗಿರವಿ ಅಂಗಡಿಗೆ ಓಡಿದಳು. ಅಲ್ಲಿ ಹದಿನೆಂಟು ಸಾವಿರ ಎಂದರು. ಆ ಹದಿನೆಂಟು ಸಾವಿರದೊಂದಿಗೆ ತಾಯಿ ಮಗಳು ಕಾಲೇಜು ಮುಟ್ಟಿದಾಗ ಮೂರೂವರೆ. ಕೌಂಟರಿನವನು ನೋಟು ನೋಡಿ, "ಇದು ಯೂನಿಫಾರ್ಮಿಗೂ ಆಗಲ್ಲಮ್ಮ," ಎಂದ. ಹಿಂದೆ ಸಾಲಿನಲ್ಲಿ ನಿಂತವರು ಮುಂದೆ ಬಂದರು.

ಸಂಜೆ ವಸಂತ್ ಓಲೆಯಿಲ್ಲದ ಹೆಂಡತಿಯ ಕಿವಿ ನೋಡಿದ. ಏನೆಂದು ಕೇಳಿ ತಿಳಿದು ಕೆನ್ನೆಗೆ ಹೊಡೆದ. "ನಮ್ಮನೆ ಚಿನ್ನ ತೆಗೆದು ಬಾಡಿಗೆದಾರರಿಗೆ ಕೊಡ್ತೀಯಾ?" ಮರುದಿನ ಅಯ್ಯಮ್ಮ ಓಲೆ ಬಿಡಿಸಿ ತಂದು ಯಮುನಾಳ ಕೈಗಿಟ್ಟಳು. ಒಂದು ದಿನದ ಬಡ್ಡಿಯನ್ನು ತಾನೇ ಕೊಟ್ಟಿದ್ದಳು.

ತಿಥಿ ಚೆನ್ನಾಗಿ ನಡೆಯಿತು. ಐನೂರ ಅರವತ್ತು ಎಲೆ ಬಿದ್ದವು. ಅಯ್ಯಮ್ಮ, ಶಾಂಭವಿ ಇಬ್ಬರೂ ಹಿತ್ತಿಲಲ್ಲಿ ಕೂತು ಈರುಳ್ಳಿ ಹೆಚ್ಚಿದರು. ಅಮೃತಪ್ಪ ಎಲೆ ಎತ್ತಿದ. ಕಮ್ಮನಹಳ್ಳಿಗೆ ಮದುವೆಯಾಗಿ ಹೋಗಿದ್ದ ವಸಂತನ ತಂಗಿ ಜಯಮಾಲಾ ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿಸುವಾಗ, ತಾಯಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದು ತಿಳಿಯಿತು. ಪೊರೆ ಬಲಿತಿತ್ತು. ಆಪರೇಷನ್ ಖರ್ಚು ತನ್ನದೆಂದಳು, ಆದರೆ ಬಂದು ನೋಡಿಕೊಳ್ಳಲು ಆಗದೆಂದಳು.

"ಯಮುನಾ ಮಾಡ್ಲಿ."

"ನಾನು ಮಾಡಲ್ಲ," ಎಂದಳು ಯಮುನಾ. ಅಷ್ಟೇ ಹೇಳಿ ತವರಿಗೆ ಹೊರಟಳು. ಬಿಳಿ ಕಾರಿನ ಕೀಲಿಯನ್ನು ಕೇಳಲಿಲ್ಲ; ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿದಳು.

ರಾಮಲಕ್ಷ್ಮಮ್ಮ ಅಯ್ಯಮ್ಮನನ್ನು ಕರೆಸಿದರು; ಗಂಡ, ಮಗಳೂ ಜೊತೆಗೆ ಬಂದರು. "ನಿನ್ ಮಗ್ಳು ಮನೇಲಿ ಸುಮ್ನೆ ಕೂತವ್ಳೆ. ಬೆಳಿಗ್ಗೆ ಸಾಯಂಕಾಲ ಬಂದು ಪಾತ್ರೆ ನೋಡ್ಕೊಂಡು, ನನ್ ಕಣ್ಣಿಗೆ ಔಷಧಿ ಬಿಡ್ಲಿ. ಜಟ್ಟೆಮ್ಮನ ದಿನ ತುಂಬೋವರ್ಗೂ ರಾತ್ರಿ ನಮ್ ಅಡಿಗೆಮನೇಲೇ ಮಲಗ್ಲಿ. ನಿಮಗೂ ಕಾಲು ಚಾಚೋಕೆ ಜಾಗ ಆಗುತ್ತೆ. ತಿಂಗ್ಳಿಗೆ ಮೂರು ಸಾವಿರ. ವಸಂತ ನಿಮ್ ಲೆಕ್ಕಕ್ಕೆ ಬರ್ಕೋತಾನೆ."

ಅಯ್ಯಮ್ಮ ಗಂಡನ ಮುಖ ನೋಡಿದಳು. ಅಮೃತಪ್ಪ ನೆಲ ನೋಡಿದ. "ಆಗ್ಲಿ" ಎಂದದ್ದು ಶಾಂಭವಿ.

ಆಪರೇಷನ್ ಆಗಿ ಮೂರನೆಯ ದಿನ. ಆಸ್ಪತ್ರೆಯವರು ಪಟ್ಟಿ ತೆಗೆದು, ದಿನಕ್ಕೆ ಆರು ಸಲ ಔಷಧಿ ಹಾಕಬೇಕೆಂದು ಬರೆದುಕೊಟ್ಟಿದ್ದರು. ಶಾಂಭವಿ ಚೀಟಿಯನ್ನು ಪೂರ್ತಿ ಓದಿ, ಹೊತ್ತುಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಳು. ಪಾತ್ರೆ ತೊಳೆದ ಕೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದಳು. ರಾಮಲಕ್ಷ್ಮಮ್ಮನವರ ತಲೆಯ ಕೆಳಗೆ ದಿಂಬು ಸರಿ ಮಾಡಿ, ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆದು, ಒಂದೇ ಹನಿ ಬಿಟ್ಟಳು. ಹನಿ ಹೊರಗೆ ಚೆಲ್ಲಲಿಲ್ಲ.

"ಎಷ್ಟು ಹಗುರ ಕಣೇ ನಿನ್ ಕೈ," ಎಂದರು ರಾಮಲಕ್ಷ್ಮಮ್ಮ. ಅದರಲ್ಲಿ ಕೊಂಕಿರಲಿಲ್ಲ, ಮನಸಾರೆ ಹೇಳಿದರು. "ಆಸ್ಪತ್ರೇಲಿ ಆ ಹೆಂಗಸು ಕಣ್ಣಿಗೆ ಬೆರಳೇ ಹಾಕಿದ್ಲು. ನೀನು ನರ್ಸ್ ಕೆಲಸಕ್ಕೆ ಹೋಗ್ಬೇಕಾಗಿತ್ತು ನೋಡು."

ಶಾಂಭವಿ ಔಷಧಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು.

"ಕಣ್ಣು ಮುಚ್ಕೊಳ್ಳಿ ಅಮ್ಮ," ಎಂದಳು. "ಐದು ನಿಮಿಷ ತೆಗೀಬೇಡಿ."